ಪರ್ಮಿಟ್ ಯಾರ ಹತ್ರ ಇದೆ?

ಮುಂಬೈಯ ಎಷ್ಟೋ ಬಾರ್‌ಗಳ ಬೋರ್ಡಿನಲ್ಲಿ ಈಗಲೂ ‘ಪರ್ಮಿಟ್ ರೂಮ್’ ಎಂದೇ ಇರುತ್ತದೆ. ಅವುಗಳಲ್ಲಿ ಬಹಳಷ್ಟು ನಮ್ಮ ಕರಾವಳಿಯವರದ್ದು. ಕ್ಯಾಶ್ ಕೌಂಟರಿನಲ್ಲಿ ಶೆಟ್ರು, ಟೇಬಲ್ ಹತ್ರ ಕಾರ್ಕಳದ್ದೋ ಕುಂದಾಪುರದ್ದೋ ಹುಡುಗ. ಬೋರ್ಡಿನಲ್ಲಿರುವ ಆ ಪರ್ಮಿಟ್ ಕುಡಿಯುವವರ ಕೈಯಲ್ಲಿ ಇರಬೇಕಾದದ್ದು. ಒಂದು ದಿನದ್ದಕ್ಕೆ 5 ರೂಪಾಯಿ, ಜೀವನಪೂರ್ತಿಗೆ 1,000. ನಿಮ್ಮ ಹತ್ರ ಇದೆಯಾ? ಹೆಚ್ಚಿನವರು ಅದನ್ನು ನೋಡಿಯೂ ಇರುವುದಿಲ್ಲ.

ಮಹಾರಾಷ್ಟ್ರದಲ್ಲಿ ಮದ್ಯ ಕುಡಿಯುವ ವಯಸ್ಸಿನ ಮಿತಿ ಇಳಿಸಬೇಕೇ ಎಂಬ ಜಗಳದ ಬೇರು ಇರುವುದು ಇಲ್ಲೇ. 1949ರಲ್ಲಿ ಬಾಂಬೆ ಪಾನನಿಷೇಧ ಕಾಯ್ದೆ ಬಂತು. ಅದರ ಹಿಂದೆ ಇದ್ದವರು ಆಗ ಬಾಂಬೆಯ ಗೃಹಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿ. 1950ರ ಏಪ್ರಿಲ್‌ನಿಂದ ಪೂರ್ತಿ ನಿಷೇಧ. ಕುಡಿತವೇನೂ ನಿಲ್ಲಲಿಲ್ಲ, ಗಲ್ಲಿಯೊಳಗೆ ಕದ್ದು ಮದ್ಯ ಮಾರುತ್ತಿದ್ದ ‘ಆಂಟಿ’ಗಳ ಮನೆಗೆ ಹೋಯಿತು ಅಷ್ಟೆ. ಮುಂದೆ ಸರ್ಕಾರ ಬಿಗಿ ಸಡಿಲಿಸಿತು. ಆದರೆ ಕಾಯ್ದೆ ತೆಗೆಯಲಿಲ್ಲ. ಆರೋಗ್ಯ ಕಾಪಾಡಿಕೊಳ್ಳಲು ಮದ್ಯ ಬೇಕು ಎಂದವರಿಗೆ ಪರ್ಮಿಟ್ ಕೊಟ್ಟಿತು! ಅಂದರೆ ನಿಷೇಧ ಇಂದಿಗೂ ಇದೆ, ಕುಡಿಯುವವರೆಲ್ಲ ಅದಕ್ಕೆ ವಿನಾಯಿತಿ. ವಯಸ್ಸಿನ ಮಿತಿ ಈ ಪರ್ಮಿಟ್‌ಗೇ ಅಂಟಿಕೊಂಡಿದೆ.

ಬಿಯರ್‌ಗೆ 21, ವಿಸ್ಕಿ-ರಮ್‌ಗೆ 25. 2011ರಲ್ಲಿ ರಾಜ್ಯ ವ್ಯಸನಮುಕ್ತಿ ನೀತಿ ತಂದು 25ನ್ನು ಗಟ್ಟಿಯಾಗಿ ಹಿಡಿದಾಗ ಗಲಾಟೆ ಜೋರಾಯಿತು. ನಟ ಇಮ್ರಾನ್ ಖಾನ್ ಬಹಿರಂಗವಾಗಿಯೇ ವಿರೋಧಿಸಿದರು. ವಾದ ಸರಳ: 18ಕ್ಕೆ ಓಟು, 18ಕ್ಕೆ ಕಾರಿನ ಲೈಸೆನ್ಸ್, 21ಕ್ಕೆ ಗಂಡಿಗೆ ಮದುವೆ. ತನ್ನ ಮದುವೆಯ ರಾತ್ರಿ ಒಂದು ಪೆಗ್ ಹಾಕಲು ಮಾತ್ರ ಇನ್ನೂ ನಾಲ್ಕು ವರ್ಷ ಕಾಯಬೇಕು. ಎಳೆ ವಯಸ್ಸಿನಲ್ಲಿ ಅಂಟಿದ ಚಟ ಬಿಡಿಸುವುದು ಕಷ್ಟ ಎನ್ನುವವರ ಮಾತೂ ಸುಮ್ನೆ ಅಲ್ಲ.

2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಇಬ್ಬರು ಎಂಜಿನಿಯರ್‌ಗಳ ಜೀವ ತೆಗೆಯಿತು. ಅದಕ್ಕೂ ಮುಂಚೆ ಅವನು ಬಾರಿನಲ್ಲಿ ಕುಡಿದಿದ್ದ ಎಂದರು ಪೊಲೀಸರು. ಬಾಲನ್ಯಾಯ ಮಂಡಳಿ 300 ಪದಗಳ ಪ್ರಬಂಧ ಬರೆಯಲು ಹೇಳಿ ಜಾಮೀನು ಕೊಟ್ಟಾಗ ದೇಶವೇ ಸಿಟ್ಟಿಗೆದ್ದಿತು. ಬಾರ್‌ಗಳಿಗೆ ಬೀಗ ಬಿತ್ತು. ವಯಸ್ಸು ಇಳಿಸಿ ಎನ್ನುವವರು ಆಮೇಲೆ ದನಿ ತಗ್ಗಿಸಿದರು. ನನ್ನ ಕೇಳಿದರೆ, ಆ ರಾತ್ರಿ ಸೋತಿದ್ದು 25ರ ಮಿತಿಯೂ ಅಲ್ಲ, 21ರದ್ದೂ ಅಲ್ಲ. ಮಿತಿ 18 ಇದ್ದಿದ್ದರೂ ಆ ಹುಡುಗ ಅದರ ಕೆಳಗೇ ಇದ್ದ. ಐಡಿ ಕೇಳುವವರು ಬೇಕಿತ್ತು. ಆದರೆ ತಿಂಗಳ ಸಂಬಳದ ವೇಟರ್, ದೊಡ್ಡ ಬಿಲ್ ಕಟ್ಟುವ ಗುಂಪಿಗೆ ‘ಆಧಾರ್ ತೋರಿಸಿ’ ಎನ್ನಲು ಎಷ್ಟು ಧೈರ್ಯ ಮಾಡಿಯಾನು?

ದೆಹಲಿ ಸರ್ಕಾರ 2021ರಲ್ಲಿ 25ನ್ನು 21ಕ್ಕೆ ಇಳಿಸುವುದಾಗಿ ಹೇಳಿತು. ನಮ್ಮ ಕರ್ನಾಟಕದಲ್ಲಿ ಗೊಂದಲ ಬೇರೆ ಥರ: ಅಬಕಾರಿ ಕಾಯ್ದೆಯಲ್ಲಿ 18, ನಿಯಮದಲ್ಲಿ 21. ಎರಡನ್ನೂ 18 ಮಾಡಲು 2023ರ ಜನವರಿಯಲ್ಲಿ ಕರಡು ಬಂತು, ವಿರೋಧ ಜಾಸ್ತಿಯಾದ ಕೂಡಲೇ ವಾಪಸ್ ಹೋಯಿತು. ಮದ್ಯ ರಾಜ್ಯಗಳ ವಿಷಯವಲ್ವಾ, ಹಾಗಾಗಿ 22ರ ಹುಡುಗ ನಿಪ್ಪಾಣಿಯಲ್ಲಿ ಕಾನೂನು ಪ್ರಕಾರವೇ ರಮ್ ಕುಡಿಯಬಹುದು. ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಮಹಾರಾಷ್ಟ್ರದ ಕಾಗಲ್‌ನಲ್ಲಿ ಕೂತರೆ, ಪರ್ಮಿಟ್‌ಗೂ ಅವನು ಇನ್ನೂ ಮೂರು ವರ್ಷ ಚಿಕ್ಕವನು.