ಕೈಟಿನೇಸ್ ಎಂದರೇನು?

ಭತ್ತದ ಎಲೆಯ ಮೇಲೆ ಕದಿರಿನಾಕಾರದ ಚುಕ್ಕೆ, ಅಂಚು ಕಂದು, ನಡುವೆ ಬೂದು. ಬೆಂಕಿ ರೋಗ ಎಂದು ರೈತರು ನೋಡಿದೊಡನೆ ಹೇಳುತ್ತಾರೆ. ಆದರೆ ಚುಕ್ಕೆ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಎಲೆಯೊಳಗೆ ಕಾಳಗ ಶುರುವಾಗಿರುತ್ತದೆ. ಅಲ್ಲಿ ಗಿಡದ ಪರವಾಗಿ ನಿಲ್ಲುವ ಪ್ರೋಟೀನುಗಳಲ್ಲಿ ಕೈಟಿನೇಸ್ ಒಂದು.

ಹೆಸರನ್ನು ಬಿಡಿಸಿ ನೋಡೋಣ. ಸಿಗಡಿಯ ಚಿಪ್ಪು, ಜೀರುಂಡೆಯ ಹೊರಕವಚಗಳಲ್ಲಿರುವ ವಸ್ತು ಕೈಟಿನ್. ಸಕ್ಕರೆ ಜಾತಿಯ ಅಣುಗಳನ್ನು ಸರದಂತೆ ಪೋಣಿಸಿದ ರಚನೆ ಅದರದು. ಕೊನೆಗೆ ‘ಏಸ್’ ಬಂದರೆ ಕಿಣ್ವ ಎಂದು ತಿಳಿಯಬೇಕು. ಕೈಟಿನ್ ಸರವನ್ನು ಕತ್ತರಿಸುವ ಕಿಣ್ವವೇ ಕೈಟಿನೇಸ್.

ಗಿಡಕ್ಕೆ ಇದೇಕೆ ಬೇಕು? ಭತ್ತದ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಕೈಟಿನ್ ಇಲ್ಲ. ಬೆಂಕಿ ರೋಗ ತರುವ ಶಿಲೀಂಧ್ರದ ಭಿತ್ತಿಯಲ್ಲಿ ಕೈಟಿನ್ ಇದೆ. ಹಾಗಾಗಿ ಎಲೆಯೊಳಗೆ ಕೈಟಿನ್ ಚೂರು ಸಿಕ್ಕಿತೆಂದರೆ ಹೊರಗಿನವರು ನುಗ್ಗಿದ್ದಾರೆಂದೇ ಲೆಕ್ಕ. ಗಿಡದಲ್ಲಿ ಮೊದಲೇ ಇದ್ದ ಅಲ್ಪಸ್ವಲ್ಪ ಕೈಟಿನೇಸ್ ಶಿಲೀಂಧ್ರದ ಭಿತ್ತಿಯನ್ನು ಕಡಿದಾಗ ಚೂರುಗಳು ಉದುರುತ್ತವೆ. ಅವನ್ನು ಹಿಡಿಯಲು ಭತ್ತದ ಕೋಶದ ಹೊರಮೈಯಲ್ಲಿ ‘ಸೀಬಿಪ್’ ಎಂಬ ಗ್ರಾಹಕ ಪ್ರೋಟೀನ್ ಇದೆ. ಜಪಾನಿನ ವಿಜ್ಞಾನಿಗಳು 2006ರಲ್ಲಿ ಇದನ್ನು ವರದಿ ಮಾಡಿದರು. ಚೂರು ಅಂಟಿಕೊಂಡರೆ ಸುದ್ದಿ ಕೋಶದೊಳಗೆ ಹೋಗುತ್ತದೆ, ರಕ್ಷಣೆಯ ಜೀನುಗಳು ಎಚ್ಚರಗೊಳ್ಳುತ್ತವೆ, ಇನ್ನಷ್ಟು ಕೈಟಿನೇಸ್ ತಯಾರಾಗುತ್ತದೆ. ಹೊಡೆಯುವವನೇ ಊರಿಗೆ ಡಂಗುರ ಸಾರುವವನೂ ಆಗಿರುವ ಈ ಏರ್ಪಾಡು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ.

ರೋಗ ತಗುಲಿದಾಗ ಹೀಗೆ ಹೆಚ್ಚುವ ಪ್ರೋಟೀನುಗಳನ್ನು ಒಟ್ಟಾಗಿ ‘ಪಿಆರ್ ಪ್ರೋಟೀನ್’ ಎನ್ನುತ್ತಾರೆ. ಇವು ಮೊದಲು ಕಂಡದ್ದು 1970ರಲ್ಲಿ, ವೈರಸ್ ತಗುಲಿದ ತಂಬಾಕಿನ ಎಲೆಯಲ್ಲಿ. ವೈರಸ್ಸಿನಲ್ಲಿ ಕೈಟಿನ್ ಇಲ್ಲ, ಆದರೂ ತಂಬಾಕು ಕೈಟಿನೇಸನ್ನು ತಯಾರಿಸುತ್ತದೆ! ಅಪಾಯ ಬಂದಾಗ ಗಿಡ ಆಯುಧಗಳನ್ನು ಒಂದೊಂದಾಗಿ ಆರಿಸದೆ ಗಂಟುಗಟ್ಟಲೆ ಹೊರತೆಗೆಯುತ್ತದೆ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಬೆಂಕಿ ರೋಗದ ಶಿಲೀಂಧ್ರ ಕೈಟಿನೇಸಿಗೆ ಜಗ್ಗದ, ಗ್ಲೂಕಾನ್ ಎಂಬ ಬೇರೊಂದು ಸಕ್ಕರೆ ಸರದ ಪದರವನ್ನು ಮೈಮೇಲೆ ಹೊದ್ದುಕೊಳ್ಳುತ್ತದೆ. ಜೊತೆಗೆ ‘ಎಸ್‌ಎಲ್‌ಪಿ1’ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಉದುರಿದ ಚೂರುಗಳನ್ನು ಸೀಬಿಪ್‌ಗೆ ಸಿಗದಂತೆ ಇದು ತಾನೇ ಬಾಚಿಕೊಳ್ಳುತ್ತದೆ. ಸುದ್ದಿಯೇ ಮುಟ್ಟದಿದ್ದರೆ ಗಿಡ ಏನು ಮಾಡೀತು?

ರೋಗಕ್ಕೆ ಬಲಿಯಾಗುವ ತಳಿಯಲ್ಲೂ ಪಿಆರ್ ಪ್ರೋಟೀನುಗಳು ಬರುತ್ತವೆ. ನಿರೋಧಕ ತಳಿಯಲ್ಲಿ ಅವು ಸಾಮಾನ್ಯವಾಗಿ ಬೇಗ ಬರುತ್ತವೆ, ಹೆಚ್ಚಾಗಿಯೂ ಬರುತ್ತವೆ. ಅದಕ್ಕೇ ಎರಡೂ ಬಗೆಯ ಎಲೆಗಳನ್ನು ಸೋಂಕಾದ ಮೇಲೆ ಬೇರೆ ಬೇರೆ ಗಂಟೆಗೆ ಕಿತ್ತು, ಅವುಗಳ ಪ್ರೋಟೀನುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.