ಅಪ್‌ಡೇಟ್ ಆದ ಮೇಲೆ ‘ಡಿ’ ಡ್ರೈವ್ ಎಲ್ಲಿ ಹೋಯಿತು?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ರಾತ್ರಿ ವಿಂಡೋಸ್ ಅಪ್‌ಡೇಟ್‌ಗೆ ಹಾಕಿ ಬಂದಿದ್ದೆವು. ಬೆಳಿಗ್ಗೆ ನೋಡಿದರೆ ಸಿ ಡ್ರೈವ್ ಮಾತ್ರ ಇದೆ, ಟ್ಯಾಲಿ ಲೆಕ್ಕವೆಲ್ಲ ಇದ್ದ ಡಿ ಡ್ರೈವೇ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಬರುತ್ತದೆ ಅಂತಾರೆ. ಮಾಡಿಸೋಣವೇ?

ಉತ್ತರ: ಬೇಡ. ಡ್ರೈವ್ ಬರುತ್ತದೆ, ಲೆಕ್ಕ ಬರುವುದಿಲ್ಲ. ಕಾಣದ ಡ್ರೈವ್ ಹುಡುಕುವಾಗ ವಿಂಡೋಸ್ ಎರಡು ಕಿಟಕಿ ತೆರೆದು ಒಪ್ಪಿಗೆ ಕೇಳಬಹುದು: ಒಂದು ‘ಇನಿಶಿಯಲೈಸ್ ಡಿಸ್ಕ್’, ಇನ್ನೊಂದು ‘ಫಾರ್ಮ್ಯಾಟ್’. ಎರಡಕ್ಕೂ ಕ್ಯಾನ್ಸಲ್ ಒತ್ತಿ. ಮೊದಲನೆಯದು ಡಿಸ್ಕಿನ ಪಾರ್ಟಿಷನ್ (ಭಾಗಗಳ) ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ, ಎರಡನೆಯದು ಫೈಲುಗಳ ಸೂಚಿಯನ್ನು ಖಾಲಿ ಮಾಡುತ್ತದೆ. ಹೊಲ ಅಲ್ಲೇ ಇದ್ದು ಪಹಣಿ ಹರಿದುಹೋದ ಹಾಗೆ. ಕ್ವಿಕ್ ಫಾರ್ಮ್ಯಾಟ್ ಆದರೆ ಸಾಫ್ಟ್‌ವೇರ್ ಹಾಕಿ ಎಷ್ಟೋ ಫೈಲು ಎತ್ತಬಹುದು, ಆದರೆ ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಏನೂ ಉಳಿಯುವುದಿಲ್ಲ.

ಈಗ ವಿಂಡೋಸ್ ಕೀ ಜತೆ ಎಕ್ಸ್ ಒತ್ತಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗೆ ಡಿಸ್ಕ್ 0, ಡಿಸ್ಕ್ 1 ಎಂದು ಪಟ್ಟೆಗಳಿರುತ್ತವೆ. 1 ಟಿಬಿ ಡಿಸ್ಕ್ ಅಲ್ಲಿ 931 ಜಿಬಿ ಎಂದೂ 500 ಜಿಬಿಯದು 465 ಎಂದೂ ಕಾಣುತ್ತದೆ. ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ, ಜಾಗ ಕಳೆದದ್ದಲ್ಲ. ನಿಮ್ಮ ಡಿ ಡ್ರೈವಿನ ಅಳತೆಯ ಪಟ್ಟೆ ‘ಹೆಲ್ದಿ’ ಎಂದಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ನೆಮ್ಮದಿಯಾಗಿ ಉಸಿರಾಡಿ. ಪಟ್ಟೆಯ ಮೇಲೆ ರೈಟ್ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ಆ್ಯಡ್, ಡಿ, ಓಕೆ. ಅಷ್ಟೇ.

ಪಟ್ಟಿಯಲ್ಲಿ ಡಿ ಅಕ್ಷರವೇ ಸಿಗದಿದ್ದರೆ ಅದನ್ನು ಬೇರೆ ಯಾರೋ ಹಿಡಿದು ಕೂತಿದ್ದಾರೆ. ಸಾಮಾನ್ಯವಾಗಿ ಡಿವಿಡಿ ಡ್ರೈವ್, ಇಲ್ಲವೇ ಚುಚ್ಚಿಟ್ಟು ಮರೆತ ಪೆನ್‌ಡ್ರೈವ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಬಹಳ ಜನ 11ಕ್ಕೆ ಹಾರಿದ್ದಾರೆ. ಇಂಥ ದೊಡ್ಡ ಬದಲಾವಣೆಯಲ್ಲಿ ಅಕ್ಷರಗಳು ಅದಲುಬದಲಾಗುವುದುಂಟು. ಡಿವಿಡಿಗೆ ಝಡ್ ಕೊಟ್ಟು, ಡಿಯನ್ನು ಡಿಸ್ಕಿಗೇ ವಾಪಸ್ ಕೊಡಿ. ಇ ಅಥವಾ ಎಫ್ ಕೊಟ್ಟರೂ ಡಿಸ್ಕ್ ತೆರೆಯುತ್ತದೆ, ಆದರೆ ಟ್ಯಾಲಿ ಹಳೆಯ ವಿಳಾಸದಲ್ಲೇ ಹುಡುಕಿ ‘ಕಂಪನಿ ಇಲ್ಲ’ ಎನ್ನುತ್ತದೆ. ವಿಂಡೋಸ್ ಏಳಲು ಬೇಕಾದ 100 ಎಂಬಿಯ ಇಎಫ್‌ಐ, ಅದರಾಚೆಯ ರಿಕವರಿ ಎಂಬ ಸಣ್ಣ ಪಟ್ಟೆಗಳ ತಂಟೆಗೆ ಹೋಗಬೇಡಿ.

ಪಟ್ಟೆಯ ಎಡಗಡೆ ಡಿಸ್ಕ್ 1ರ ಕೆಳಗೆ ‘ಆಫ್‌ಲೈನ್’ ಎಂದಿದ್ದರೆ, ಆ ಎಡಗಡೆಯ ಚೌಕದ ಮೇಲೇ ರೈಟ್ ಕ್ಲಿಕ್ ಮಾಡಿ ‘ಆನ್‌ಲೈನ್’ ಒತ್ತಿ. ಹಳೆಯ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ (ಯಥಾವತ್ ನಕಲು) ಮಾಡಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಉಳಿಸಿಕೊಂಡವರಿಗೆ ಹೀಗಾಗುತ್ತದೆ: ಎರಡಕ್ಕೂ ಒಂದೇ ಗುರುತಿನ ಸಂಖ್ಯೆ, ವಿಂಡೋಸ್ ಒಂದನ್ನು ಹೊರಗೆ ನಿಲ್ಲಿಸುತ್ತದೆ.

ಡ್ರೈವ್ ಕಾಣುತ್ತಿದ್ದು ಮೇಲೆ ಬೀಗದ ಚಿತ್ರವಿದ್ದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸೇ ಹಾಕುವ ಗೂಢಲಿಪಿಯ ಬೀಗ. 48 ಅಂಕಿಗಳ ರಿಕವರಿ ಕೀ ಬೇಕು. ಅದು ಹೆಚ್ಚಾಗಿ ಕಂಪ್ಯೂಟರನ್ನು ಮೊದಲು ಹೊಂದಿಸಿದಾಗ ಬಳಸಿದ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಮಾರಿದ ಅಂಗಡಿಯ ಹುಡುಗ ತನ್ನದೇ ಅಕೌಂಟ್ ಹಾಕಿಕೊಟ್ಟಿದ್ದರೆ ಕೀ ಅವನ ಬಳಿ. ಕೀ ಇಲ್ಲದೆ ಈ ಬೀಗ ಒಡೆಯುವ ದಾರಿ ಇಲ್ಲ, ಒಡೆದುಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಬೀಗವಿಲ್ಲದೆ ‘ರಾ’ ಎಂದು ತೋರಿಸಿದರೆ ಫೈಲ್ ಸಿಸ್ಟಮ್ ಕೆಟ್ಟಿದೆ. ಅದನ್ನು ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವ ಮುನ್ನ ಡಿಸ್ಕಿನ ಪೂರ್ತಿ ನಕಲು ಇನ್ನೊಂದು ಡಿಸ್ಕಿಗೆ ತೆಗೆಯಿರಿ. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿದರೆ ಇದ್ದದ್ದೂ ಹೋದೀತು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಸುಳಿವಿಲ್ಲದಿದ್ದರೆ ಕಂಪ್ಯೂಟರ್ ಆನ್ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಒತ್ತುತ್ತ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗೆ ಹೋಗಿ. ಅಲ್ಲಿಯೂ ಡಿಸ್ಕಿನ ಹೆಸರಿಲ್ಲವೇ? ಹಾಗಾದರೆ ಬಹುಮಟ್ಟಿಗೆ ಇದು ಅಪ್‌ಡೇಟ್‌ನ ತಪ್ಪಲ್ಲ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು, ಅಷ್ಟೇ. ಅಪ್‌ಡೇಟ್ ಕಂಪ್ಯೂಟರನ್ನು ಎರಡು ಮೂರು ಸಲ ರೀಸ್ಟಾರ್ಟ್ ಮಾಡುತ್ತದೆ, ಸಡಿಲವಾದ ಕೇಬಲ್ ಮತ್ತು ಸವೆದ ಡಿಸ್ಕ್ ಬಣ್ಣ ತೋರಿಸುವುದು ಆವಾಗಲೇ. ಗಿರಣಿಯ ಅದುರಾಟಕ್ಕೆ ಕನೆಕ್ಟರ್ ಜರುಗುತ್ತದೆ, ತೌಡಿನ ಧೂಳು ಒಳಗೆ ಕೂರುತ್ತದೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ನೂಲಿನ ಜುಂಗು, ರಾಯಚೂರಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಎಳೆ, ಪರಿಣಾಮ ಒಂದೇ. ಮೇಲೆ ನಮ್ಮ ಮೇ ತಿಂಗಳ ಬಿಸಿಲು: ಕೋಣೆಯೇ 40 ಡಿಗ್ರಿ ದಾಟಿದಾಗ ಡಿಸ್ಕ್ ಸಾಮಾನ್ಯ ಮಿತಿಯಾದ 60ರ ಹತ್ತಿರ ಹೋಗಲು ಬಹಳ ಹೊತ್ತು ಬೇಕಿಲ್ಲ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಡಿಸ್ಕಿಗೆ ಎರಡು ಕೇಬಲ್: ಸಣ್ಣದು 7 ಪಿನ್ನಿನ ಡೇಟಾ, ಅಗಲದ್ದು 15 ಪಿನ್ನಿನ ಪವರ್. ಎರಡನ್ನೂ ಬಿಚ್ಚಿ, ಒಣ ಬ್ರಷ್‌ನಿಂದ ಧೂಳು ಒರೆಸಿ, ಗಟ್ಟಿಯಾಗಿ ಹಾಕಿ. ಆಗಲಿಲ್ಲವೆಂದರೆ ಡೇಟಾ ಕೇಬಲ್ ಹೊಸದು ಹಾಕಿ, ಮದರ್‌ಬೋರ್ಡಿನಲ್ಲಿ ಬೇರೆ ಪೋರ್ಟಿಗೆ ಚುಚ್ಚಿ. ಕೇಬಲ್ ಅಗ್ಗದ ವಸ್ತು, ಡಿಸ್ಕನ್ನು ದೂರುವ ಮೊದಲು ಬದಲಿಸಿ ನೋಡುವುದೇ ಜಾಣತನ.

ಬಯೋಸ್‌ನಲ್ಲಿ ಇದೆ, ವಿಂಡೋಸ್‌ನಲ್ಲಿ ಇಲ್ಲ ಎಂದಾದರೆ ಮಾತ್ರ ಅಪ್‌ಡೇಟನ್ನು ಗಂಭೀರವಾಗಿ ಅನುಮಾನಿಸಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಸ್ಟೋರೇಜ್ ಕಂಟ್ರೋಲರ್‌ನ ಪ್ರಾಪರ್ಟೀಸ್ ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಬಟನ್ ಮಸುಕಾಗಿದ್ದರೆ ಹಳೆಯ ಡ್ರೈವರ್ (ಡಿಸ್ಕಿನ ಜೋಡಣೆಯನ್ನು ನಡೆಸುವ ತಂತ್ರಾಂಶ) ಉಳಿದಿಲ್ಲ ಎಂದರ್ಥ. ಆಗ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಹಿಸ್ಟರಿಯಿಂದ ಆ ಅಪ್‌ಡೇಟನ್ನೇ ತೆಗೆಯಿರಿ. 10ರಿಂದ 11ಕ್ಕೆ ಹೋದವರಿಗೆ ಹಿಂದಿರುಗಲು ಸಾಮಾನ್ಯವಾಗಿ 10 ದಿನವಷ್ಟೇ ಅವಕಾಶ. ಬಯೋಸ್‌ನಲ್ಲಿ ಡಿಸ್ಕ್ ಜೋಡಣೆಯ ‘ಸಾಟಾ ಮೋಡ್’ ಬದಲಿಸಿ ಪ್ರಯೋಗ ಮಾಡಬೇಡಿ, ವಿಂಡೋಸೇ ಏಳದೆ ಹೋಗಬಹುದು.

ಡ್ರೈವ್ ಮರಳಿ ಬಂದ ಕೂಡಲೇ ಟ್ಯಾಲಿ ಡೇಟಾ ಫೋಲ್ಡರನ್ನು ಬೇರೆಡೆ ನಕಲು ಮಾಡಿ, ಆಮೇಲೆ ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ ನೋಡಿ. ಕೆಟ್ಟ ಜಾಗಗಳನ್ನು ಎಣಿಸುವ 05, ಸಿ5, ಸಿ6 ಸಾಲುಗಳ ಕೊನೆಯ ಅಂಕಿ ಸೊನ್ನೆ ಬಿಟ್ಟು ಏರುತ್ತಿದ್ದರೆ ಹೊಸ ಡಿಸ್ಕಿಗೆ ದುಡ್ಡು ತೆಗೆದಿಡಿ. ಇನ್ನು, ಒಳಗಿಂದ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಮೇಲಿನ ಯಾವುದನ್ನೂ ಮಾಡಬೇಡಿ. ತಕ್ಷಣ ಕಂಪ್ಯೂಟರ್ ಆರಿಸಿ, ಡಿಸ್ಕ್ ಬಿಚ್ಚಿಟ್ಟು, ಡೇಟಾ ರಿಕವರಿ ಪ್ರಯೋಗಾಲಯಕ್ಕೇ ಕಳಿಸಿ.