ಕಂಪ್ಯೂಟರ್ ಇಲ್ಲದಾಗ ಆರ್ಡುಯಿನೊ ಏಕೆ ಸುಮ್ಮನಾಗುತ್ತದೆ?

ಪ್ರಶ್ನೆ: ನೀರಿನ ಟ್ಯಾಂಕಿನ ಮಟ್ಟ ತಿಳಿಯಲು ಆರ್ಡುಯಿನೊ ಲಿಯೊನಾರ್ಡೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಪ್ರೋಗ್ರಾಂ ಬರೆದಿದ್ದೇನೆ. ಲ್ಯಾಪ್‌ಟಾಪಿಗೆ ಜೋಡಿಸಿ ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸುವ ಸಂದೇಶಗಳನ್ನು ತೋರಿಸುವ ಕಿಟಕಿ) ತೆರೆದಾಗ ಸರಿಯಾಗಿ ನಡೆಯುತ್ತದೆ. ಮೊಬೈಲ್ ಚಾರ್ಜರಿಗೆ ಹಾಕಿದರೆ ಏನೂ ನಡೆಯುವುದಿಲ್ಲ. ಡಿಬಗ್ಗಿಗಾಗಿ, ಅಂದರೆ ದೋಷ ಹುಡುಕಲು, ಬರೆದ ಪ್ರಿಂಟ್ ಸಾಲುಗಳನ್ನೆಲ್ಲ ಅಳಿಸಬೇಕೇ?

ಉತ್ತರ: ಅಳಿಸಬೇಕಾಗಿಲ್ಲ. ತೊಡಕು ಇರುವುದು ಬಹುಮಟ್ಟಿಗೆ ಶುರುವಿನಲ್ಲಿ ಒಮ್ಮೆ ಮಾತ್ರ ನಡೆಯುವ ಸೆಟಪ್ ಭಾಗದಲ್ಲಿ, ಸೀರಿಯಲ್ ಪೋರ್ಟ್ ಸಿದ್ಧವಾಗುವವರೆಗೆ ಕಾಯುವಂತೆ ಹೇಳುವ ವೈಲ್ (while) ಸಾಲಿನಲ್ಲಿ. ಮಾದರಿ ಪ್ರೋಗ್ರಾಮುಗಳಿಂದ ನಕಲು ಮಾಡುವಾಗ ಅದು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಲಿಯೊನಾರ್ಡೊದ ಎಟಿಮೆಗಾ32ಯು4 ಚಿಪ್ ಯುಎಸ್‌ಬಿಯನ್ನು ತಾನೇ ನಿಭಾಯಿಸುವುದರಿಂದ, ಆಚೆ ಬದಿಯಲ್ಲಿ ಪೋರ್ಟ್ ತೆರೆದಿದೆಯೇ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಚಾರ್ಜರು ವಿದ್ಯುತ್ತನ್ನಷ್ಟೇ ಕೊಡುವುದರಿಂದ ಪ್ರೋಗ್ರಾಂ ಆ ಸಾಲನ್ನು ದಾಟುವುದೇ ಇಲ್ಲ. ಇನ್ನೊಂದು ಆರ್ಡುಯಿನೊ ಆದ ಊನೊ ಆರ್3 ಬೋರ್ಡಿನಲ್ಲಿ ಯುಎಸ್‌ಬಿ ಕೆಲಸಕ್ಕೆ ಬೇರೆಯೇ ಚಿಪ್ ಇದ್ದು, ಮುಖ್ಯ ಚಿಪ್ಪಿಗೆ ಪೋರ್ಟ್ ಸದಾ ಸಿದ್ಧವಾಗಿಯೇ ಕಾಣುವುದರಿಂದ, ಇದೇ ಸಾಲು ಅಲ್ಲಿ ತೊಂದರೆ ಕೊಡುವುದಿಲ್ಲ.

ಆ ವೈಲ್ ಷರತ್ತಿಗೆ ‘ಮಿಲ್ಲಿಸ್ (ಬೋರ್ಡ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳು) 3000ಕ್ಕಿಂತ ಕಡಿಮೆ ಇರುವವರೆಗೆ ಮಾತ್ರ’ ಎಂಬುದನ್ನೂ ಸೇರಿಸಿರಿ: ಕಂಪ್ಯೂಟರ್ ಇದ್ದರೆ ಮೊದಲ ಸಂದೇಶಗಳು ಕೈತಪ್ಪುವುದಿಲ್ಲ, ಇಲ್ಲದಿದ್ದರೆ 3 ಸೆಕೆಂಡಿನ ಬಳಿಕ ಕೆಲಸ ಮುಂದುವರಿಯುತ್ತದೆ. ಕೆಲವರು ಪ್ರತಿಯೊಂದು ಪ್ರಿಂಟಿಗೂ ಮುಂಚೆ ‘ಸೀರಿಯಲ್ ಇದೆಯೇ’ ಎಂದು ಪರೀಕ್ಷಿಸುತ್ತಾರೆ. ಜಾಣತನದಂತೆ ಕಂಡರೂ ಲಿಯೊನಾರ್ಡೊದಲ್ಲಿ ಇದು ದುಬಾರಿ, ಏಕೆಂದರೆ ಆ ಪರೀಕ್ಷೆಯೊಳಗೇ 10 ಮಿಲಿಸೆಕೆಂಡಿನ ವಿಳಂಬ ಅಡಗಿದೆ. ಲೂಪಿನಲ್ಲಿ ಅಂಥವು ಹತ್ತಿದ್ದರೆ ಪ್ರತಿ ಸುತ್ತಿಗೂ 100 ಮಿಲಿಸೆಕೆಂಡ್ ವ್ಯರ್ಥವಾಗುತ್ತದೆ.

ಊನೊ ಬಳಸುವವರೂ ನಿಶ್ಚಿಂತರಾಗಿರುವಂತಿಲ್ಲ. ಕೇಳುವವರಿರಲಿ, ಇಲ್ಲದಿರಲಿ, ಅದು ಅಕ್ಷರಗಳನ್ನು ಕಳಿಸುತ್ತಲೇ ಇರುತ್ತದೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಬೈಟುಗಳಷ್ಟೇ ಹೋಗುವುದರಿಂದ, ಕಳಿಸಬೇಕಾದ ಅಕ್ಷರಗಳು ಕಾಯುವ 64 ಬೈಟುಗಳ ಬಫರ್ ತುಂಬಿದೊಡನೆ ಪ್ರಿಂಟ್ ಇಡೀ ಪ್ರೋಗ್ರಾಮನ್ನು ತಡೆಹಿಡಿಯುತ್ತದೆ. 115200ಕ್ಕೆ ಏರಿಸಿದರೆ ಈ ಕಾಟ ಹನ್ನೆರಡು ಪಟ್ಟು ತಗ್ಗುತ್ತದೆ. ಇನ್ನೂ ಒಳ್ಳೆಯದೆಂದರೆ ಪ್ರಿಂಟ್ ಸಾಲುಗಳನ್ನು ಡಿಬಗ್ ಎಂಬ ಒಂದೇ ಮ್ಯಾಕ್ರೊದ (ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಬೆಲೆ ಕೊಟ್ಟಿಡುವ ಹೆಸರು) ಹಿಂದೆ ಇಡುವುದು: ಅದರ ಬೆಲೆ 0 ಆದಾಗ ಕಂಪೈಲರ್ ಅವನ್ನು ಪೂರ್ತಿ ಬಿಟ್ಟುಬಿಡುತ್ತದೆ, ಆಗ ಅವುಗಳ ಪಠ್ಯ ಊನೊದ 2 ಕಿಲೋಬೈಟ್ ರ‍್ಯಾಮನ್ನೂ ತಿನ್ನುವುದಿಲ್ಲ.

ಟ್ಯಾಂಕಿನ ಬಳಿ ಏನಾಯಿತೆಂಬುದು ನಂತರವೂ ತಿಳಿಯಬೇಕಿದ್ದರೆ, ಲಿಯೊನಾರ್ಡೊದಲ್ಲಿ ಯುಎಸ್‌ಬಿಯಿಂದ ಸ್ವತಂತ್ರವಾಗಿರುವ ಸೀರಿಯಲ್1 ಎಂಬ ಇನ್ನೊಂದು ಪೋರ್ಟ್ ಇದೆ; 1ನೇ ಪಿನ್ನಿನಿಂದ ಹೊರಬರುವ ಸಂದೇಶಗಳನ್ನು ಎಸ್‌ಡಿ ಕಾರ್ಡಿಗೆ ಬರೆಯುವ ಲಾಗರಿಗೆ ಕಳಿಸಬಹುದು. ಲಾಗರ್ 3.3 ವೋಲ್ಟಿನದಾಗಿದ್ದರೆ, ಬೋರ್ಡಿನ 5 ವೋಲ್ಟ್ ಸಂಕೇತವನ್ನು ನೇರವಾಗಿ ಕೊಡದೆ, ನಡುವೆ ವೋಲ್ಟೇಜ್ ತಗ್ಗಿಸುವ ಲೆವೆಲ್ ಶಿಫ್ಟರ್ ಹಾಕಿರಿ.